ಮಕ್ಕಳಿಗೆ ಮೂವತ್ತು, ಇಲಾಖೆಗೆ ಎಷ್ಟು?

ಮೇ ತಿಂಗಳು ಬಂತೆಂದರೆ ನಮ್ಮ ಕಾಸರಗೋಡಿನ ಪೇಟೆಗಳಲ್ಲಿ ಫ್ಲೆಕ್ಸ್ ಬೋರ್ಡಿನ ಹಬ್ಬ. ಬಸ್‌ಸ್ಟ್ಯಾಂಡ್, ಪಂಚಾಯತ್ ಕಚೇರಿ, ಕ್ಲಬ್ಬಿನ ಎದುರು, ಎಲ್ಲಿ ನೋಡಿದರೂ ಮಕ್ಕಳ ಪಾಸ್‌ಪೋರ್ಟ್ ಸೈಜಿನ ಮುಖಗಳು. ಎಲ್ಲಾ ವಿಷಯಗಳಲ್ಲಿ ಎ ಪ್ಲಸ್! ಅಭಿನಂದನೆಗಳು! ಕೆಳಗೆ ಅಭಿನಂದಿಸಿದವರ ಮುಖಗಳು, ಮಕ್ಕಳ ಮುಖಕ್ಕಿಂತ ಸ್ವಲ್ಪ ದೊಡ್ಡದಾಗಿಯೇ. ಸಂತೋಷ. ಕಷ್ಟಪಟ್ಟು ಓದಿದ ಮಕ್ಕಳಿಗೆ ಒಂದು ಬೋರ್ಡು ಬಿದ್ದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಎರಡು ವರ್ಷ ಕಳೆದು ಪ್ಲಸ್ ಟು ಫಲಿತಾಂಶ ಬಂದಾಗ ಅದೇ ಮುಖಗಳಲ್ಲಿ ಕೆಲವು ಎಲ್ಲಿ ಹೋದವು ಎಂದು ಯಾರೂ ಕೇಳುವುದಿಲ್ಲ. ನಾವು ಕೇಳಬೇಕಾಗುತ್ತದೆ. ಏಕೆಂದರೆ ಅವರು ನಮ್ಮ ಹತ್ತಿರ ಬರುತ್ತಾರೆ. ಹೈಸ್ಕೂಲು ಬಿಟ್ಟು ಹೋದವರು ಹೈಸ್ಕೂಲಿನ ಗೇಟಿಗೆ ಮತ್ತೆ ಬಂದು ನಿಂತುಕೊಳ್ಳುತ್ತಾರೆ.

ಒಬ್ಬಳು ಹುಡುಗಿ ಪ್ಲಸ್ ವನ್ ಸೇರಿದ ಎರಡನೇ ತಿಂಗಳಿಗೇ ಬಂದಳು. ಕೈಯಲ್ಲಿ ಭೌತಶಾಸ್ತ್ರದ ಪುಸ್ತಕ. ನಮ್ಮಲ್ಲಿ ಇದ್ದಾಗ ವಿಜ್ಞಾನದಲ್ಲಿ ಮುಂದಿದ್ದವಳು. ವೇಗ, ವೇಗೋತ್ಕರ್ಷ, ಜಡತ್ವ ಎಲ್ಲ ಬಾಯಲ್ಲೇ ಇತ್ತು. ಲೆಕ್ಕವನ್ನೂ ಮಾಡುತ್ತಿದ್ದಳು. ಪುಸ್ತಕ ತೆರೆದು ಒಂದು ಪುಟ ತೋರಿಸಿ, "ಸರ್, ಇದರಲ್ಲಿ ನಾವು ಕಲಿತದ್ದು ಯಾವುದು?" ಎಂದು ಕೇಳಿದಳು. ನಾವು ನೋಡಿದೆವು. ಅರ್ಧ ಪುಟ ಅವಳು ಕಲಿತದ್ದೇ! ಆಕ್ಸಿಲರೇಷನ್ ಅಂದರೆ ವೇಗೋತ್ಕರ್ಷ ಮಾರಾಯ್ತಿ, ಇನರ್ಷಿಯಾ ಅಂದರೆ ಜಡತ್ವ ಎಂದಾಗ ಅವಳಿಗೆ ನಗು ಬಂತು. ಆಮೇಲೆ ಕಣ್ಣಲ್ಲಿ ನೀರೂ ಬಂತು. ಎರಡು ತಿಂಗಳು ತನಗೆ ಗೊತ್ತಿದ್ದದ್ದನ್ನೇ ಗೊತ್ತಿಲ್ಲ ಎಂದು ತಿಳಿದುಕೊಂಡು ಕ್ಲಾಸಿನಲ್ಲಿ ಕೂತಿದ್ದಳು ಅವಳು. ಆ ದಿನದಿಂದ ಈ ವಿಷಯ ಬರೆಯಬೇಕು ಎಂದು ನಮ್ಮ ಮನಸ್ಸಿನಲ್ಲಿದೆ.

ಹೆತ್ತವರಿಗೆ ಗೊತ್ತಾಗಲಿ ಎಂದು ಮೊದಲು ನಿಯಮವನ್ನೇ ಹೇಳುತ್ತೇವೆ. ಹೈಯರ್ ಸೆಕೆಂಡರಿ ಎಂದರೆ ಎರಡು ವರ್ಷ, ಆರು ವಿಷಯ. ಒಂದನೇ ಭಾಗ ಇಂಗ್ಲಿಷ್. ಎರಡನೇ ಭಾಗ ಇನ್ನೊಂದು ಭಾಷೆ. ಮೂರನೇ ಭಾಗ ನಾಲ್ಕು ಐಚ್ಛಿಕ ವಿಷಯಗಳು. ಪ್ರತಿ ವಿಷಯಕ್ಕೆ ವರ್ಷಕ್ಕೆ 100ರಂತೆ ಎರಡು ವರ್ಷಕ್ಕೆ 200, ಒಟ್ಟು 1200 ಅಂಕ. ಕಾಲೇಜಿಗೆ ಹೋಗಲು ಅರ್ಹತೆ ಬೇಕಾದರೆ ಆರರಲ್ಲಿ ಆರಕ್ಕೂ ಡಿ ಪ್ಲಸ್ ಬೇಕು. ಅಂದರೆ ನೂರಕ್ಕೆ ಮೂವತ್ತು. ಇಲ್ಲೊಂದು ಕೊಕ್ಕೆ ಉಂಟು. ಒಟ್ಟು ಅಂಕದಲ್ಲಿ ಮೂವತ್ತು ಬಂದರೆ ಸಾಲದು, ಬರೆಯುವ ಪರೀಕ್ಷೆಯಲ್ಲೇ ಪ್ರತ್ಯೇಕವಾಗಿ ನೂರಕ್ಕೆ ಮೂವತ್ತು ಬರಬೇಕು. 80 ಅಂಕದ ಪತ್ರಿಕೆಯಾದರೆ 24. ಪ್ರಾಕ್ಟಿಕಲ್ ಇರುವ ವಿಷಯದಲ್ಲಿ ಬರೆಯುವುದು 60ಕ್ಕೆ, ಅದರಲ್ಲಿ 18. ಐದು ವಿಷಯದಲ್ಲಿ ಎ ಬಂದು ಒಂದರಲ್ಲಿ ಡಿ ಬಂದರೂ ಕಾಲೇಜಿನ ಬಾಗಿಲು ಮುಚ್ಚಿತು. ಮತ್ತೆ ಸೇ ಪರೀಕ್ಷೆ ಬರೆಯಬೇಕು. ಸೇ ಎಂದರೆ ಸೇವ್ ಎ ಇಯರ್, ವರ್ಷ ಉಳಿಸು. ಉಳಿಯುವುದು ಕೆಲವರದು ಮಾತ್ರ.

ಈ ಮಿತಿ ಬೇಡ ಎಂದು ನಾವು ಹೇಳುತ್ತಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಕನ್ನಡ ಎಂದು ಬಾಯಿ ತೆರೆದ ಕೂಡಲೇ ಇವರು ಸವಲತ್ತು ಕೇಳುವವರು, ಅಂಕ ಬೇಡುವವರು ಎಂದು ತೀರ್ಮಾನಿಸುವ ಜನ ಇದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ಈ ತನಕ ನಡೆದದ್ದನ್ನು ನಾವು ಬಲ್ಲೆವು. 100ರಲ್ಲಿ 20 ನಿರಂತರ ಮೌಲ್ಯಮಾಪನದ ಅಂಕ. ಅದನ್ನು ಹಾಕುವವರು ನಾವೇ. ನಾವು ಎಷ್ಟು ಧಾರಾಳಿಗಳು ಎಂಬುದೂ ಲೋಕಕ್ಕೆ ಗೊತ್ತುಂಟು. 20ಕ್ಕೆ 20 ಸಿಕ್ಕಿದವನು ಬರೆಯುವ ಪರೀಕ್ಷೆಯ 80ರಲ್ಲಿ 10 ತೆಗೆದರೆ ಡಿ ಪ್ಲಸ್! ಹೀಗಿರುವಾಗ ಬರೆಯುವ ಪರೀಕ್ಷೆಗೇ ಕನಿಷ್ಠ ಶೇಕಡ 30 ಬೇಕು ಎಂದು ಸರ್ಕಾರ 2024ರಲ್ಲಿ ತೀರ್ಮಾನಿಸಿತು. 2024-25ರಲ್ಲಿ ಎಂಟನೇ ತರಗತಿಗೆ, ಮರುವರ್ಷ ಒಂಬತ್ತಕ್ಕೆ, 2026-27ಕ್ಕೆ ಹತ್ತಕ್ಕೆ ಎಂದು ಕ್ರಮ ಹಾಕಿತು. ನಮ್ಮ ಸಂಘಟನೆಗಳಲ್ಲಿ ಕೆಲವು ಬೊಬ್ಬೆ ಹಾಕಿದವು. ಕಲಿಯದವನನ್ನು ಕಲಿತಿದ್ದೀ ಎಂದು ಹೇಳಿ ಮುಂದೆ ತಳ್ಳುವುದು ಅವನಿಗೆ ಮಾಡುವ ಉಪಕಾರವಲ್ಲ ಎಂಬುದು ನಮ್ಮ ಅಭಿಪ್ರಾಯ. ಮಿತಿ ಇರಲಿ.

ಆದರೆ ಸ್ವಾಮಿ, ಮಕ್ಕಳಿಗೆ ಮೂವತ್ತು ಎಂದು ಗೆರೆ ಎಳೆದವರಿಗೆ ತಮ್ಮ ಪಾಲಿನ ಗೆರೆ ಯಾವುದು? ಮಗು ಕನಿಷ್ಠ ಇಷ್ಟು ಕಲಿಯಬೇಕು ಎಂದವರು ಮಗುವಿಗೆ ಕನಿಷ್ಠ ಎಷ್ಟು ಕೊಡಬೇಕು? ಅದಕ್ಕೆ ಯಾವ ಗ್ರೇಡು, ಯಾವ ಸೇ ಪರೀಕ್ಷೆ?

ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದ ಪುಸ್ತಕಗಳನ್ನು ರಾಜ್ಯದ ಎಸ್‌ಸಿಇಆರ್‌ಟಿಯೇ ತರುತ್ತದೆ. ತಪ್ಪುಗಳಿರಬಹುದು, ಕೆಲವೊಮ್ಮೆ ತಡವಾಗಬಹುದು, ಕೆಲವು ವಾಕ್ಯಗಳು ಮಲೆಯಾಳದ ಬೆನ್ನ ಮೇಲೆ ಕೂತು ಬಂದ ಹಾಗಿರಬಹುದು. ಆದರೂ ಪುಸ್ತಕ ಉಂಟು. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿ ಬರುತ್ತದೆ. ಮಾರ್ಚ್ ತಿಂಗಳಲ್ಲಿ ಕನ್ನಡದಲ್ಲಿ ಪರೀಕ್ಷೆ ಬರೆದು ಮುಗಿಸಿದ ಮಗು ಪ್ಲಸ್ ವನ್ ಕ್ಲಾಸಿಗೆ ಕಾಲಿಡುವಾಗ ಪುಸ್ತಕ ಇಂಗ್ಲಿಷ್ ಆಗಿರುತ್ತದೆ. ನಡುವೆ ಇರುವುದು ಒಂದು ಬೇಸಿಗೆ ರಜೆ ಮತ್ತು ಮಳೆಗಾಲದ ಆರಂಭ. ಯಾವ ಭಾಷೆಯಲ್ಲಿ ಉತ್ತರ ಬರೆಯಬಹುದು ಎಂಬುದೆಲ್ಲ ಆಮೇಲಿನ ಪ್ರಶ್ನೆ. ಓದುವುದಕ್ಕೆ ಕನ್ನಡದಲ್ಲಿ ಪುಸ್ತಕವೇ ಇಲ್ಲದ ಮೇಲೆ ಬರೆಯುವುದು ಎಲ್ಲಿಂದ?

ಇದಕ್ಕೆ ಸಿದ್ಧ ಉತ್ತರವೊಂದು ಉಂಟು. "ಮಲೆಯಾಳ ಮಾಧ್ಯಮದ ಮಕ್ಕಳಿಗೂ ಇದೇ ಪುಸ್ತಕ ಅಲ್ಲವೇ? ಅವರು ಪಾಸಾಗುವುದಿಲ್ಲವೇ?" ಕೇಳುವುದಕ್ಕೆ ನ್ಯಾಯವಾಗಿ ಕಾಣುತ್ತದೆ. ಆದರೆ ಒಂದು ಪ್ಲಸ್ ವನ್ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಒಂದು ಗಂಟೆ ಕೂತು ನೋಡಿ. ಪುಸ್ತಕ ಇಂಗ್ಲಿಷ್, ಬೋರ್ಡಿನ ಮೇಲೆ ಬರೆಯುವುದು ಇಂಗ್ಲಿಷ್, ಅಧ್ಯಾಪಕರ ಬಾಯಿ ಮಲೆಯಾಳ. ಅಧ್ಯಾಪಕರದ್ದು ತಪ್ಪಲ್ಲ. ಮುಂದೆ ಕೂತವರಿಗೆ ಅರ್ಥವಾಗಲಿ ಎಂದು ಅವರಿಗೆ ಗೊತ್ತಿರುವ ಭಾಷೆಯಲ್ಲಿ ವಿವರಿಸುತ್ತಾರೆ, ಒಳ್ಳೆಯ ಅಧ್ಯಾಪಕ ಮಾಡುವುದೇ ಅದು. ಮಲೆಯಾಳ ಮಾಧ್ಯಮದಿಂದ ಬಂದ ಮಗುವಿಗೆ ಆ ಬಾಯಿಯೇ ಸೇತುವೆ. ಇಂಗ್ಲಿಷ್ ಪುಟದಿಂದ ಮಲೆಯಾಳದ ವಿವರಣೆಗೆ, ಅಲ್ಲಿಂದ ತನ್ನ ತಿಳಿವಳಿಕೆಗೆ ಅದು ನಡೆದು ಬರುತ್ತದೆ. ನಮ್ಮ ಮಗುವಿಗೆ ಹೊಳೆ ಎರಡು. ಒಂದನ್ನು ದಾಟಿದರೆ ಇನ್ನೊಂದು ಎದುರಿಗೆ. ದಾಖಲೆಯ ಪ್ರಕಾರ ಎಲ್ಲರಿಗೂ ಒಂದೇ ಮಾಧ್ಯಮ, ಎಲ್ಲರಿಗೂ ಒಂದೇ ಮೂವತ್ತು!

"ಕೇರಳದಲ್ಲಿ ಇದ್ದೀರಿ, ಮಲೆಯಾಳ ಕಲಿಯಲು ಏನು ಕಷ್ಟ?" ಎಂದು ಇನ್ನೊಬ್ಬರು. ಕಷ್ಟವೇನೂ ಇಲ್ಲ ಮಾರಾಯರೇ. ನಮ್ಮ ಕ್ಲಾಸಿನ ಮಕ್ಕಳು ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಎಂದು ಏನೇನೋ ಮಾತಾಡುತ್ತಾರೆ. ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲೆಯಾಳ, ಐದನೇ ತರಗತಿಯಿಂದ ಹಿಂದಿ, ಟಿ.ವಿ.ಯಲ್ಲಿ ಎಲ್ಲವೂ. ಭಾಷೆಯ ವಿಷಯದಲ್ಲಿ ಈ ನೆಲದ ಮಕ್ಕಳಿಗೆ ಪಾಠ ಹೇಳುವ ಯೋಗ್ಯತೆ ಬೇರೆ ಜಿಲ್ಲೆಯವರಿಗೆ ಕಡಿಮೆ. ಮಲೆಯಾಳದ ಮೇಲೆ ನಮಗೆ ದ್ವೇಷವೂ ಇಲ್ಲ, ನಮ್ಮ ನೆರೆಮನೆಯ ಭಾಷೆ ಅದು. ಆದರೆ ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳುವ ಮಲೆಯಾಳ ಬೇರೆ, ಹಣದುಬ್ಬರಕ್ಕೆ ಕಾರಣಗಳನ್ನು ಕೇಳಿಸಿಕೊಂಡು ಟಿಪ್ಪಣಿ ಬರೆಯುವ ಮಲೆಯಾಳ ಬೇರೆ. ಎರಡನೆಯದು ಶಾಲೆಯಲ್ಲಿ ಹತ್ತು ವರ್ಷ ಆ ಮಾಧ್ಯಮದಲ್ಲಿ ಓದಿದವರಿಗೆ ಬರುವಂಥದ್ದು.

ಸಂವಿಧಾನದ 350ಎ ವಿಧಿಯನ್ನು ನಾವು ವೇದಿಕೆಗಳಲ್ಲಿ ಬಹಳ ಸಲ ಹೇಳುತ್ತೇವೆ. 1956ರ ಏಳನೇ ತಿದ್ದುಪಡಿಯಲ್ಲಿ ಬಂದದ್ದು, ನಮ್ಮನ್ನು ಕೇರಳಕ್ಕೆ ಸೇರಿಸಿದ ವರ್ಷವೇ. ಅದನ್ನು ಪೂರ್ತಿ ಓದಿದವರು ಕಡಿಮೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಎಂದು ಅದರಲ್ಲಿ ಇರುವುದು ಪ್ರಾಥಮಿಕ ಹಂತಕ್ಕೆ. ಹೈಯರ್ ಸೆಕೆಂಡರಿಗೆ ಅದನ್ನು ಹಿಡಿದು ವಾದಿಸಿದರೆ ಎದುರಿನವರು ನಕ್ಕಾರು. ಆದ್ದರಿಂದ ನಾವು ಸಂವಿಧಾನದ ಬಲದಿಂದ ವಾದ ಮಾಡುತ್ತಿಲ್ಲ. ಸಾದಾ ಲೆಕ್ಕ ಹೇಳುತ್ತಿದ್ದೇವೆ. ಹತ್ತು ವರ್ಷ ಸರ್ಕಾರವೇ ಖರ್ಚು ಮಾಡಿ ಒಂದು ಭಾಷೆಯಲ್ಲಿ ಕಲಿಸಿ, ಹನ್ನೊಂದನೇ ವರ್ಷ ಆ ಕಲಿತದ್ದು ಉಪಯೋಗಕ್ಕೆ ಬಾರದ ಹಾಗೆ ಮಾಡುವುದು ಯಾವ ಊರಿನ ಆಡಳಿತ?

ಇನ್ನು ಎರಡನೇ ಭಾಷೆಯ ಕಥೆ. ಐಚ್ಛಿಕ ವಿಷಯ ಇಂಗ್ಲಿಷ್ ಆದರೂ ಕನ್ನಡ ಎರಡನೇ ಭಾಷೆಯಾಗಿ ಇದ್ದರೆ ಮಗುವಿಗೆ ಉಸಿರಾಡಲು ಒಂದು ಕಿಟಕಿ. ಆ ಒಂದು ವಿಷಯದಲ್ಲಿ ಧೈರ್ಯ, ಒಳ್ಳೆಯ ಅಂಕ. ಪಟ್ಟಿಯಲ್ಲಿ ಕನ್ನಡ ಉಂಟು, ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಆದರೆ ಪಟ್ಟಿಯಲ್ಲಿರುವ ಭಾಷೆ ಎಲ್ಲಾ ಶಾಲೆಯಲ್ಲೂ ಇಲ್ಲ. ಪ್ರವೇಶವೋ ಏಕಜಾಲಕದ ಮೂಲಕ. ಅರ್ಜಿಯಲ್ಲಿ ಆಯ್ಕೆ ಕೊಡುವುದು ಶಾಲೆಗೆ ಮತ್ತು ಕಾಂಬಿನೇಷನ್‌ಗೆ. ಎರಡನೇ ಭಾಷೆ ಆ ಶಾಲೆಯಲ್ಲಿ ಏನು ಇದೆಯೋ ಅದು. ಕನ್ನಡ ಇರುವ ಶಾಲೆಗಳನ್ನು ಮಾತ್ರ ಬರೆದರೆ ಸೀಟು ಸಿಗದಿದ್ದೀತೆಂಬ ಹೆದರಿಕೆ. ಹೆದರಿ ಹತ್ತಿಪ್ಪತ್ತು ಶಾಲೆ ಬರೆದರೆ ಕಂಪ್ಯೂಟರು ಎಲ್ಲಿಗೆ ಎಸೆಯುತ್ತದೋ ಅಲ್ಲಿಗೆ. ಸಿಕ್ಕಿದ ಕಡೆ ಸೇರದಿದ್ದರೆ ಪಟ್ಟಿಯಿಂದಲೇ ಹೊರಗೆ. ಹೀಗೆ ಕನ್ನಡದ ಮಗು ಮಲೆಯಾಳ, ಹಿಂದಿ, ಅರಬಿ ಇರುವ ಶಾಲೆಗೆ ಹೋಗಿ, ಐದನೇ ತರಗತಿಯಿಂದ ಕಲಿತ ಪರಿಚಯದ ಮೇಲೆ ಹಿಂದಿ ತೆಗೆದುಕೊಳ್ಳುತ್ತದೆ. ಒಂದು ಮಾತು ಇಲ್ಲಿ ಹೇಳಲೇಬೇಕು. ಕೆಲವು ವರ್ಷಗಳ ಹಿಂದಿನವರೆಗೆ ಈ ಪ್ರವೇಶದಲ್ಲಿ ಈಜು ಬಲ್ಲ ಮಕ್ಕಳಿಗೆ ಬೋನಸ್ ಅಂಕ ಇತ್ತು! ಈಜು ಒಳ್ಳೆಯ ವಿದ್ಯೆ, ಹೊಳೆ ಕೆರೆ ತುಂಬಿದ ಊರು ನಮ್ಮದು, ಬೇಡ ಎನ್ನುವುದಿಲ್ಲ. ಆದರೆ ಮಗು ಈಜುತ್ತದೋ ಎಂದು ಕೇಳುವುದಕ್ಕೆ ಜಾಗ ಮಾಡಿದ ವ್ಯವಸ್ಥೆ ಮಗು ಹತ್ತು ವರ್ಷ ಯಾವ ಭಾಷೆಯಲ್ಲಿ ಓದಿತು ಎಂಬುದರ ಮೇಲೆ ಸೀಟು ಹಂಚಲು ಯೋಚಿಸಲಿಲ್ಲ.

ಹುದ್ದೆಯ ವಿಷಯ ಕೇಳಿದರೆ ಇನ್ನೊಂದು ಸುತ್ತು. ಮಕ್ಕಳು ಇಲ್ಲ, ಆದ್ದರಿಂದ ಕನ್ನಡದ ಹುದ್ದೆ ಇಲ್ಲ. ಹುದ್ದೆ ಇಲ್ಲ, ಆದ್ದರಿಂದ ಕನ್ನಡ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಳ್ಳುವವರು ಇಲ್ಲ, ಆದ್ದರಿಂದ ಮಕ್ಕಳು ಇಲ್ಲ. ಪಿರಿಯಡ್ ಸಾಲದಿದ್ದರೆ ಜೂನಿಯರ್ ಹುದ್ದೆ, ಅದೂ ಆಗದಿದ್ದರೆ ದಿನಗೂಲಿಯ ಗೆಸ್ಟ್. ಗೆಸ್ಟ್ ಬಂದಾಗ ಪಾಠ, ಬಾರದಾಗ ಮಕ್ಕಳು ಗೇರು ಮರದ ಕೆಳಗೆ.

ನಾವೆಲ್ಲ ಚಿಕ್ಕವರಿದ್ದಾಗ ಈ ಎರಡು ವರ್ಷದ ಓದು ಕಾಲೇಜಿನಲ್ಲಿತ್ತು. ಪ್ರೀ ಡಿಗ್ರಿ ಎಂದು ಹೆಸರು. ಕಾಸರಗೋಡು ಸರ್ಕಾರಿ ಕಾಲೇಜಿನಂಥಲ್ಲಿ ಕನ್ನಡ ವಿಭಾಗವಿತ್ತು, ಇಂದಿಗೂ ಇದೆ. ಬಿ.ಎ.ಗೆ ಪಾಠ ಹೇಳುವವರೇ ಪ್ರೀ ಡಿಗ್ರಿಗೂ ಕನ್ನಡ ಹೇಳುತ್ತಿದ್ದರು. 1990-91ರಲ್ಲಿ ಪ್ಲಸ್ ಟು ಶಾಲೆಗಳಲ್ಲಿ ಆರಂಭವಾಗಿ, 2000ದ ಹೊತ್ತಿಗೆ ಪ್ರೀ ಡಿಗ್ರಿ ಕಾಲೇಜಿನಿಂದ ಪೂರ್ತಿ ಬಿಟ್ಟುಹೋಯಿತು. ಹಳ್ಳಿಯ ಮಗುವಿಗೆ ಪ್ಲಸ್ ಟು ಹತ್ತಿರವಾಯಿತು, ಹೆಣ್ಣುಮಕ್ಕಳ ಓದು ಮುಂದುವರಿಯಿತು, ಆ ಲಾಭವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ತರಗತಿ ಕಾಲೇಜಿನಿಂದ ಶಾಲೆಗೆ ಬಂದಾಗ ಅದರ ಹಿಂದೆ ಕನ್ನಡ ಅಧ್ಯಾಪಕ ಬರಲಿಲ್ಲ. ಅಂದು ನಮ್ಮ ಹಿರಿಯರು ಅದನ್ನು ಗಮನಿಸಲಿಲ್ಲ. ಗಮನಿಸಿದವರು ಗಟ್ಟಿಯಾಗಿ ಹೇಳಲಿಲ್ಲ.

ಇದರ ಪರಿಣಾಮ ಒಂದು ಮಗುವಿನ ಅಂಕಪಟ್ಟಿಗೆ ನಿಲ್ಲುವುದಿಲ್ಲ. ಪ್ಲಸ್ ಟುವಿನಲ್ಲಿ ಎರಡು ವರ್ಷ ಕನ್ನಡ ಬಿಟ್ಟವನು ಕಾಲೇಜಿನಲ್ಲಿ ಕನ್ನಡ ತೆಗೆದುಕೊಳ್ಳುವುದು ಅಪರೂಪ. ಅಲ್ಲಿಯೂ ಈಗ ಜಾಗ ಕಿರಿದು. 2024ರಿಂದ ಬಂದ ನಾಲ್ಕು ವರ್ಷದ ಪದವಿಯಲ್ಲಿ ಮೂರು ವರ್ಷಕ್ಕೆ ಮುಗಿಸಿದರೆ 133 ಕ್ರೆಡಿಟ್, ನಾಲ್ಕು ವರ್ಷ ಓದಿದರೆ 177. ಇಂಗ್ಲಿಷ್ ಮತ್ತು ಇನ್ನೊಂದು ಭಾಷೆ ಎರಡೂ ಸೇರಿ ಭಾಷಾ ಸಾಮರ್ಥ್ಯದ ಪತ್ರಿಕೆಗಳಿಗೆ ಅದರಲ್ಲಿ 12. ಕನ್ನಡ ಬಿಟ್ಟವನು ಕನ್ನಡ ಶಾಲೆಯ ಅಧ್ಯಾಪಕನಾಗುವುದಿಲ್ಲ. ಹತ್ತು ವರ್ಷ ಕಳೆದು ನಮ್ಮ ಹೈಸ್ಕೂಲಿನಲ್ಲಿ ಗಣಿತದ ಹುದ್ದೆ ಖಾಲಿಯಾದಾಗ ಕನ್ನಡ ಬಲ್ಲ ಗಣಿತದವರು ಎಲ್ಲಿದ್ದಾರೆ? ಯಾರಾದರೂ ಕನ್ನಡ ಬಾರದವರು ಬರುತ್ತಾರೆ. ಆಗ ನಾವು ಮೆರವಣಿಗೆ ಮಾಡುತ್ತೇವೆ, ಮಕ್ಕಳನ್ನು ಗೇಟಿನ ಹೊರಗೆ ಕೂರಿಸುತ್ತೇವೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಆ ಮೆರವಣಿಗೆ ಸರಿ. ಆದರೆ ಕನ್ನಡ ಬಲ್ಲ ಆ ಗಣಿತದ ಅಧ್ಯಾಪಕ ನಮ್ಮ ಕೈತಪ್ಪಿ ಹೋದದ್ದು ಹತ್ತು ವರ್ಷದ ಹಿಂದೆ, ಪ್ಲಸ್ ವನ್ ಕ್ಲಾಸಿನಲ್ಲಿ, ಆಕ್ಸಿಲರೇಷನ್ ಎಂಬ ಪದದ ಎದುರಿಗೆ.

ಹೆತ್ತವರು ಸುಮ್ಮನಿರುತ್ತಾರೆಯೇ? ಅವರೂ ಲೆಕ್ಕ ಹಾಕುತ್ತಾರೆ. ಹನ್ನೊಂದನೆಯದರಲ್ಲಿ ಹೇಗೂ ಇಂಗ್ಲಿಷ್, ಹಾಗಾದರೆ ಒಂದರಿಂದಲೇ ಆಗಲಿ ಎಂದು ಹಳದಿ ಬಸ್ಸಿಗೆ ಹತ್ತಿಸುತ್ತಾರೆ. ಅವರನ್ನು ಬೈಯುವುದು ಸುಲಭ. ರಾಜ್ಯೋತ್ಸವದ ದಿನ ಶಾಲು ಹೊದೆದು ಬೈಯುವವರು ಬಹಳ ಮಂದಿ ಇದ್ದಾರೆ. ಅಂಥ ಸಭೆಯೊಂದರಲ್ಲಿ ಒಬ್ಬ ತಾಯಿ ಎದ್ದು ನಿಂತು, ವೇದಿಕೆಯಲ್ಲಿ ಕೂತವರಲ್ಲಿ ಎಷ್ಟು ಜನರ ಮಕ್ಕಳು ಕನ್ನಡ ಮಾಧ್ಯಮದಲ್ಲಿದ್ದಾರೆ ಎಂದು ಕೇಳಿದರು. ವೇದಿಕೆಯಲ್ಲಿ ನಾವು ಅಧ್ಯಾಪಕರೂ ಇದ್ದೆವು. ಕೈ ಎತ್ತಿದ್ದು ಇಬ್ಬರು. ಉಳಿದವರು ಹೂಗುಚ್ಛ ನೋಡುತ್ತಾ ಕೂತೆವು. ಇಲಾಖೆಯನ್ನು ಬೈಯುವ ಈ ಲೇಖನದಲ್ಲಿ ಅದನ್ನೂ ಬರೆಯದಿದ್ದರೆ ಸುಳ್ಳಾಗುತ್ತದೆ.

ಇನ್ನು ಕೆಲವರು ಗಡಿ ದಾಟಿ ಮಂಗಳೂರು, ಪುತ್ತೂರು, ಸುಳ್ಯಕ್ಕೆ ಪಿ.ಯು.ಸಿ.ಗೆ ಕಳುಹಿಸುತ್ತಾರೆ. ಅಲ್ಲಿ ಎರಡನೇ ಭಾಷೆಯಾಗಿ ಕನ್ನಡಕ್ಕೆ ಬರವಿಲ್ಲ, ಮನೆಯ ಮಾತಿನಲ್ಲಿ ಸಂಶಯ ಕೇಳಬಹುದು. ಪಾಸಾಗಲು ಒಟ್ಟು ಶೇಕಡ 33 ಸಾಕು, ಪ್ರತಿ ವಿಷಯದಲ್ಲಿ ಕನಿಷ್ಠ 30 ಎಂದು ಕರ್ನಾಟಕವೂ 2025ರಲ್ಲಿ ತನ್ನ ನಿಯಮ ಸಡಿಲಿಸಿತು. ಆದರೆ ಹಾಸ್ಟೆಲು, ಬಸ್ಸು, ಫೀಸು ಎಂದು ಎಲ್ಲ ಕಟ್ಟಬಲ್ಲವರು ಎಷ್ಟು ಮಂದಿ? ಬೀಡಿ ಕಟ್ಟುವ ಮನೆಯ, ಅಡಿಕೆ ಸುಲಿಯುವ ಮನೆಯ ಮಗುವಿಗೆ ಇರುವುದು ಮೂರು ಕಿಲೋಮೀಟರು ದೂರದ ಸರ್ಕಾರಿ ಶಾಲೆಯೇ. ಆ ಶಾಲೆ ಸರಿಯಾಗಬೇಕು.

ನಾವು ಕೇಳುವುದು ದೊಡ್ಡದೇನೂ ಅಲ್ಲ. ಎಲ್ಲಾ ಪಠ್ಯವನ್ನೂ ನಾಳೆಯೇ ಕನ್ನಡಕ್ಕೆ ಭಾಷಾಂತರ ಮಾಡಿ ಎಂದರೆ ಅದು ಆಗುವ ಮಾತಲ್ಲ. ಆದರೂ ಓದುವವರು ಕಾಲೇಜಿನಲ್ಲಿ ಮತ್ತೆ ಇಂಗ್ಲಿಷನ್ನೇ ಎದುರಿಸಬೇಕು. ಏಕಜಾಲಕದ ಅರ್ಜಿಯಲ್ಲಿ ಮಾಧ್ಯಮದ ಭಾಷೆಯನ್ನೂ ಸೇರಿಸಿ, ಕನ್ನಡ ಮಾಧ್ಯಮದಿಂದ ಬಂದವರಿಗೆ ಕನ್ನಡ ಎರಡನೇ ಭಾಷೆ ಇರುವ ಶಾಲೆಗಳಲ್ಲಿ ಆದ್ಯತೆ ಕೊಡಿ. ಇದಕ್ಕೆ ಹಣ ಬೇಡ, ಪ್ರೋಗ್ರಾಮಿನಲ್ಲಿ ಒಂದು ಸಾಲು ಸಾಕು. ಪ್ಲಸ್ ವನ್ ಪುಸ್ತಕದ ಹಿಂದೆ ನಾಲ್ಕು ಪುಟ ಪದಪಟ್ಟಿ ಹಾಕಿ, ಇಂಗ್ಲಿಷ್ ಪದದ ಎದುರು ಹೈಸ್ಕೂಲಿನಲ್ಲಿ ಕಲಿತ ಕನ್ನಡ ಪದ. ಮೊದಲ ಒಂದು ತಿಂಗಳು ಕನ್ನಡ ಬಲ್ಲವರಿಂದ ಒಂದು ಸೇತುಬಂಧ ತರಗತಿ. ಮೂರನೆಯದಕ್ಕೆ ಮಾತ್ರ ಹಣ ಬೇಕು, ಅದೂ ಹೆಚ್ಚಲ್ಲ. ಇದನ್ನೆಲ್ಲ ಬರೆದು ನಾವು ಒಂದು ಕಚೇರಿಗೆ ಕೊಟ್ಟೆವು. ಅಲ್ಲಿದ್ದವರು ಓದಿ, "ಒಳ್ಳೆಯ ವಿಷಯ, ಆದರೆ ಇದು ನಮ್ಮ ಸೆಕ್ಷನ್ ಅಲ್ಲ" ಎಂದರು. ಯಾವ ಸೆಕ್ಷನ್ ಎಂದು ಕೇಳಿದೆವು. ಅವರು ತುಂಬಾ ಹೊತ್ತು ಯೋಚಿಸಿ ಕಿಟಕಿಯ ಹೊರಗೆ ನೋಡಿದರು. ಒಳ್ಳೆಯವರು, ಚಹಾ ತರಿಸಿದರು.

ಆ ಸೆಕ್ಷನ್ ಸಿಗುವ ತನಕ ಕಾಯಬಾರದೆಂದು ನಾವು ಕೆಲವರು ಶನಿವಾರ ಮಧ್ಯಾಹ್ನ ಕೂತು ಪದಪಟ್ಟಿ ಮಾಡಲು ಆರಂಭಿಸಿದ್ದೇವೆ. ಭೌತಶಾಸ್ತ್ರ ಒಂದು ನೋಟ್‌ಬುಕ್ ಆಯಿತು. ಜೀವಶಾಸ್ತ್ರ ಮುಗಿಯುತ್ತಾ ಬಂತು. ಆ ಹುಡುಗಿಯೇ ಬಂದು ಬರೆದುಕೊಡುತ್ತಿದ್ದಾಳೆ, ಅಕ್ಷರ ಅವಳದ್ದು ನಮ್ಮದಕ್ಕಿಂತ ಚಂದ. ಅರ್ಥಶಾಸ್ತ್ರಕ್ಕೆ ಪದಗಳು ಸಿಗುತ್ತಿವೆ. ಅಕೌಂಟೆನ್ಸಿಯಲ್ಲಿ ಮಾತ್ರ ಸಿಕ್ಕಿಬಿದ್ದಿದ್ದೇವೆ. ಹಳೆಯ ಅಂಗಡಿ ಲೆಕ್ಕದಲ್ಲಿ ಖರ್ಚು, ಜಮೆ, ಬಾಕಿ ಎಂದೆಲ್ಲ ಇದ್ದ ಕನ್ನಡ ಎಲ್ಲಿಯವರೆಗೆ ಬರುತ್ತದೆ, ಎಲ್ಲಿಂದ ಹೊಸ ಪದ ಬೇಕು ಎಂಬುದು ನಮಗೆ ತಿಳಿಯುತ್ತಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ವಾಣಿಜ್ಯ ಕಲಿತವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು ಯಾರಾದರೂ ಇದ್ದರೆ ಒಂದು ಶನಿವಾರ ಶಾಲೆಗೆ ಬನ್ನಿ. ಎರಡು ಗಂಟೆಯ ಮೇಲೆ ನಾವು ಅಲ್ಲಿಯೇ ಇರುತ್ತೇವೆ.